ಅರ್ತ್ ಹೋದ ಬೆಳ್ಳಿ ತಂತಿ

ಧ್ವನಿ ಮುದ್ರಣದ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರು ಆಗಾಗ ನನ್ನನ್ನು ಹುಡುಕಿಕೊಂಡು ಕುಂದಾಪುರದ ಹತ್ತಿರದ ಕೋಡಿಗೆ ಬರುತ್ತಾರೆ. ಬಂದವರು ನೀರು ಬೆಲ್ಲ ಮುಟ್ಟುವ ಮೊದಲೇ ಕೇಳುವುದು ಒಂದೇ ಪ್ರಶ್ನೆ: "ಶೀನಣ್ಣ, ಹೆಡ್‌ಫೋನಿಗೆ ಯಾವ ಕೇಬಲ್ ಹಾಕ್ರೆ ಒಳ್ಳೇದ್?" ತಾಮ್ರದ್ದೋ, ಬೆಳ್ಳಿಯದ್ದೋ, ತಾಮ್ರಕ್ಕೆ ಬೆಳ್ಳಿ ಲೇಪ ಕೊಟ್ಟದ್ದೋ, ಜಡೆ ಹೆಣೆದದ್ದೋ? ನಾನು ಕೆಲಸ ಬಿಟ್ಟು ಮೂರು ವರ್ಷವಾಯಿತು. ಈ ಪ್ರಶ್ನೆ ಮಾತ್ರ ನನ್ನನ್ನು ಬಿಟ್ಟಿಲ್ಲ. ಒಬ್ಬೊಬ್ಬರಿಗೂ ಹೇಳಿ ಬಾಯಿ ನೋಯಿಸಿಕೊಳ್ಳುವ ಬದಲು ಎಲ್ಲರಿಗೂ ಒಟ್ಟಿಗೇ ಬರೆದು ಕೈ ತೊಳೆದುಕೊಳ್ಳೋಣ ಎಂದು ಕುಳಿತಿದ್ದೇನೆ.

ಮೊದಲು ಈ ಕೆಲಸ ಎಂಥದ್ದು ಎಂದು ಕೇಳಿಕೊಳ್ಳಿ. ತಣ್ಣಗಿನ ಕೋಣೆಯಲ್ಲಿ ಕಣ್ಣು ಮುಚ್ಚಿ ತಲೆದೂಗುವ ಕೆಲಸ ಎಂದುಕೊಂಡಿದ್ದರೆ ಈಗಲೇ ಬೇರೆ ದಾರಿ ನೋಡಿಕೊಳ್ಳಿ. ಮುಕ್ಕಾಲು ಪಾಲು ಇದು ವಯರು ಹಿಡಿದು ಅಲ್ಲಾಡಿಸುವ ಕೆಲಸ. ಸ್ವರ ಬರುತ್ತಿಲ್ಲವೇ, ಅಲ್ಲಾಡಿಸಿ. ಕರಕರ ಅನ್ನುತ್ತಿದೆಯೇ, ಅಲ್ಲಾಡಿಸಿ. ಒಂದೇ ಕಿವಿಗೆ ಬರುತ್ತಿದೆಯೇ, ಇನ್ನೂ ಸ್ವಲ್ಪ ಜೋರಾಗಿ ಅಲ್ಲಾಡಿಸಿ. ನನ್ನ ಹೆಂಡತಿ ಗಿರಿಜಾ ಕುಂದಾಪುರ ಪೇಟೆಯಲ್ಲಿ ಮೀನು ಮಾರುವವಳು. ಮದುವೆಯಾದ ಹೊಸತರಲ್ಲಿ ಒಂದು ದಿನ ನನ್ನ ಕೆಲಸ ನೋಡಲು ಬಂದಿದ್ದಳು. ಅರ್ಧ ಗಂಟೆ ನೋಡಿ, "ಹ್ವಾಯ್, ಇಡೀ ದಿನ ಬಾಲ ಹಿಡ್ಕಂಡ್ ಅಲ್ಲಾಡ್ಸುಕೆ ನಿಮ್ಗೆ ಸಂಬ್ಳವಾ?" ಎಂದು ಕೇಳಿ ಎದ್ದು ಹೋದಳು. ಅವಳು ಕಂಡದ್ದರಲ್ಲಿ ಸುಳ್ಳೇನೂ ಇರಲಿಲ್ಲ.

ನಾನು ಈ ಕೆಲಸಕ್ಕೆ ಬಂದದ್ದೇ ಒಂದು ಬೈಗುಳದಿಂದ. ಆಗ ನಾನು ಬಾಡಿಗೆಗೆ ಮೈಕು ಕಟ್ಟುತ್ತಿದ್ದೆ. ಸಾಲಿಗ್ರಾಮದ ಹತ್ತಿರ ಒಂದು ಮನೆಯ ಅಂಗಳದಲ್ಲಿ ಮಧ್ಯಾಹ್ನದ ತಾಳಮದ್ದಳೆ. ವೇಷ ಕಟ್ಟದೆ, ಕುಳಿತಲ್ಲೇ ಮಾತಿನಲ್ಲಿ ಪಾತ್ರ ಕಟ್ಟುವ ಆಟ ಅದು. ಹಾಗೆ ಮಾತಾಡುವುದಕ್ಕೆ ನಮ್ಮಲ್ಲಿ 'ಅರ್ಥ ಹೇಳುವುದು' ಎನ್ನುತ್ತಾರೆ. ಶಂಕರ ಹೊಳ್ಳರು ಎನ್ನುವವರು ಮಂತ್ರಿಯ ಅರ್ಥ ಹೇಳುತ್ತಿದ್ದರು. ಬಿಳಿ ಪಂಚೆ, ಕೆಂಪು ಶಾಲು, ಕಂಚಿನ ಕಂಠ. ರಾಜನಿಗೆ ನೀತಿ ಹೇಳಿ ಇಡೀ ಸಭೆಯನ್ನು ಅಳಿಸುವ ಹಂತಕ್ಕೆ ತಂದಿದ್ದರು. ಅಷ್ಟರಲ್ಲಿ ನನ್ನ ಪೆಟ್ಟಿಗೆ ಗುಂಯ್ ಎಂದು ಊಳಿಡತೊಡಗಿತು. ಅರ್ತ್ ವಯರು ಕಿತ್ತುಹೋಗಿತ್ತು. ವಿದ್ಯುತ್ತನ್ನು ನೆಲಕ್ಕೆ ಒಯ್ಯುವ ವಯರಿಗೆ ನಾವು ಅರ್ತ್ ಎನ್ನುತ್ತೇವೆ. ಹಿಂದುಗಡೆ ಬಾವಿಯ ಹತ್ತಿರ ನಿಂತಿದ್ದ ಜೊತೆಗಾರನಿಗೆ ಕೇಳಲೆಂದು ಗಂಟಲು ಹರಿದು ಕೂಗಿದೆ:

"ಅರ್ತ್ ಸಮ ಇಲ್ಲೆ! ಅರ್ತ್ ಸಮ ಇಲ್ಲೆ ಮಾರಾಯಾ!"

ಹೊಳ್ಳರು ಮಾತು ನಿಲ್ಲಿಸಿ ನನ್ನತ್ತ ತಿರುಗಿದರು. ಮಂತ್ರಿಯ ಗಾಂಭೀರ್ಯ ಒಂದು ಕ್ಷಣದಲ್ಲಿ ಇಳಿದುಹೋಯಿತು.

"ಯಾರಾ ಅದ್? ನನ್ನ್ ಅರ್ಥ ಸಮ ಇಲ್ಲೆ ಅಂಬುಕೆ ನೀನ್ ಯಾವ ಊರ್ ಪಂಡಿತ?"

"ನಿಮ್ದಲ್ಲ ಹೊಳ್ರೆ, ಮಿಶನಿಂದ್!" ಎಂದೆ ನಾನು.

"ಮಿಶನಿಗೆ ಎಂತ ಅರ್ಥ ಮಾರಾಯಾ?"

ಅಳಬೇಕಾಗಿದ್ದ ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಆಟ ಮುಗಿದ ಮೇಲೆ ಹೊಳ್ಳರು ನನ್ನನ್ನು ಕರೆದರು. ಕಪಾಳಕ್ಕೆ ಬೀಳುತ್ತದೆ ಎಂದುಕೊಂಡೇ ಹೋದೆ. ಅವರು, "ಅಷ್ಟ್ ಜನ ನನ್ನ್ ಮಾತ್ ಕೇಣ್ತಿಪ್ಪತ್ತಿಗೆ ನಿನ್ ಕಿವಿ ಮಾತ್ರ ಗುಂಯ್ ಅಂಬುದನ್ನ್ ಕೇಣ್ತಿತ್ತಲ್ಲ, ನನ್ನ್ ಹತ್ರ ಕೆಲ್ಸಕ್ಕೆ ಬತ್ಯಾ?" ಎಂದರು. ಕುಂದಾಪುರದಲ್ಲಿ ಅವರು ಆಗಷ್ಟೇ ಒಂದು ರೆಕಾರ್ಡಿಂಗ್ ಕೋಣೆ ಮಾಡಿದ್ದರು. ಮರುದಿನ ಹೋಗಿ ಸೇರಿದವನು ಅರವತ್ತು ದಾಟಿದ ಮೇಲೆಯೇ ಹೊರಗೆ ಬಂದೆ.

ಹೊಳ್ಳರಂಥ ಧಣಿ ನಿಮಗೆ ಸಿಗಲಿ ಎಂದು ಹಾರೈಸುವುದೋ, ಸಿಗದಿರಲಿ ಎನ್ನುವುದೋ ನನಗೆ ಇಂದಿಗೂ ಗೊತ್ತಿಲ್ಲ. ಬೈದರೆ ಪದ್ಯದಲ್ಲಿ ಬೈಯುವವರು. ತಪ್ಪು ಮಾಡಿದವನನ್ನು ಬಿಡುವವರಲ್ಲ, ಒಪ್ಪಿಕೊಂಡವನನ್ನು ಕೈಬಿಡುವವರೂ ಅಲ್ಲ. ಒಮ್ಮೆ ಬ್ರಹ್ಮಾವರದ ಒಂದು ಮನೆಗೆ ಅಜ್ಜಿಯೊಬ್ಬರ ಶೋಭಾನೆ ಹಾಡು ಮುದ್ರಿಸಲು ನನ್ನೊಬ್ಬನನ್ನೇ ಕಳಿಸಿದ್ದರು. ಅಜ್ಜಿ ಮೂರು ಗಂಟೆ ಹಾಡಿದರು. ನಾನು ತಲೆದೂಗಿದೆ, ಕಣ್ಣೂ ಒರೆಸಿಕೊಂಡೆ. ಕೊನೆಗೆ ನೋಡಿದರೆ ಟೇಪು ಒಂದು ಗೇಣೂ ಓಡಿಲ್ಲ. ತಡೆಯುವ ಗುಂಡಿ ಒತ್ತಿದ್ದು ಒತ್ತಿದ್ದ ಹಾಗೆಯೇ ಇತ್ತು. "ಅಜ್ಜೀ, ಒಂಚೂರ್ ತಪ್ಪಾಯ್ತ್, ಇನ್ನೊಂದ್ ಸಲ ಹೇಳುಕೆ ಆತ್ತಾ?" ಎಂದು ಕೈ ಮುಗಿದೆ.

"ಹಾಂಗೆ ಸುಮ್ನೆ ಎರಡ್ನೇ ಸಲ ಹೇಳೂಕೆ ಇದೆಂತ ಮಗ್ಗಿಯಾ? ಮದಿಗೆ ಹೇಳೂ ಹಾಡ್ ಇದ್" ಎಂದರು ಅಜ್ಜಿ. "ಮದುಮಗ ಬೇಕ್. ನೀನೇ ಕೂಕೋ."

ಕುಳಿತೆ. ನನ್ನ ಕೆನ್ನೆಗೆ ಅರಿಸಿನ ಹಚ್ಚಿ ಮತ್ತೆ ಮೂರು ಗಂಟೆ ಹಾಡಿದರು. ಅರಿಸಿನ ಕೆನ್ನೆಯಲ್ಲಿ ಸ್ಟುಡಿಯೊಗೆ ಮರಳಿದ ನನ್ನನ್ನು ಹೊಳ್ಳರು ಮೇಲಿನಿಂದ ಕೆಳಗೆ ನೋಡಿ, "ಗಿರಿಜಂಗೆ ಹೇಳಿದ್ಯಾ?" ಎಂದು ಕೇಳಿದರು, ಅಷ್ಟೇ.

ಆಮೇಲೆ ಕಾಲ ಬದಲಾಯಿತು. ಟೇಪನ್ನು ಕತ್ತರಿಯಲ್ಲಿ ಕತ್ತರಿಸಿ ಅಂಟಿಸುತ್ತಿದ್ದ ಕೈ ಮೌಸು ಹಿಡಿಯಿತು. ಕ್ಯಾಸೆಟ್ಟು ಹೋಗಿ ಸೀಡಿ, ಸೀಡಿ ಹೋಗಿ ಮೊಬೈಲು ಬಂತು. ಹಾಡುವವರು ಕೆಮ್ಮಿದರೆ ಮೊದಲು ಇಡೀ ಪದ್ಯ ಮತ್ತೆ ಹಾಡಬೇಕಿತ್ತು. ಈಗ ಕೆಮ್ಮು ಎಲ್ಲಿದೆ ಎಂದು ಪರದೆಯ ಮೇಲೆ ಕಾಣುತ್ತದೆ; ಮುಳ್ಳು ತೆಗೆದ ಹಾಗೆ ತೆಗೆದು ಎಸೆಯಬಹುದು. ಬದಲಾಗದೆ ಉಳಿದದ್ದು ಎರಡೇ: ಹೆಡ್‌ಫೋನು ಮತ್ತು ಬೆಸುಗೆ. ನನ್ನ ಬೆಸುಗೆಯ ಬಗ್ಗೆ ನನಗೆ ಸೊಕ್ಕಿತ್ತು, ಮುಚ್ಚಿಡುವುದೇಕೆ? ಬೈಂದೂರಿನಿಂದ ಬ್ರಹ್ಮಾವರದವರೆಗೆ ಯಾವ ಮೈಕಿನವನು ಸಿಕ್ಕಿದರೂ "ನಾನ್ ಹಾಕಿದ್ ಬೆಸುಗೆ ಬಿಟ್ಟದ್ದ್ ಕಂಡಿದ್ಯಾ?" ಎಂದು ಕೇಳುತ್ತಿದ್ದೆ. ಯಾರೂ ಕಂಡಿರಲಿಲ್ಲ. ಕಂಡಿದ್ದರೂ ನನ್ನ ಬಾಯಿಗೆ ಹೆದರಿ ಹೇಳಿರಲಿಲ್ಲ ಎಂದು ಈಗ ಅನ್ನಿಸುತ್ತದೆ.

ಇನ್ನು ಕೇಬಲ್ಲಿನ ಕತೆ. ಇದು ನಾನು ಕೆಲಸ ಬಿಡುವ ವರ್ಷ ನಡೆದದ್ದು.

ಗುಲ್ವಾಡಿಯ ಅನಂತಯ್ಯ ಭಾಗವತರು ಯಕ್ಷಗಾನದ ಹಾಡುಗಾರರು, ನಮ್ಮ ಸ್ಟುಡಿಯೊದ ಹಳೆಯ ಆಸಾಮಿ. ಅವರ ಪದ್ಯ ಕೇಳುತ್ತಲೇ ನಾನೂ ಗಿರಿಜಾಳೂ ಮುದುಕರಾದದ್ದು. ಅದಕ್ಕೂ ಎರಡು ವರ್ಷ ಹಿಂದೆ ಅವರ ಗಂಟಲಲ್ಲಿ ಗಂಟೊಂದು ಕಾಣಿಸಿಕೊಂಡು ಆಪರೇಶನ್ ಆಗಿತ್ತು. ಅಲ್ಲಿಂದ ಅವರು ಹಾಡಿರಲಿಲ್ಲ. ಡಾಕ್ಟರು ಇನ್ನು ಹಾಡಬಹುದು ಎಂದ ಮೇಲೂ ಅವರಿಗೆ ಧೈರ್ಯ ಬಂದಿರಲಿಲ್ಲ. ಒಂದು ದಿನ ತಾವಾಗಿಯೇ ಸ್ಟುಡಿಯೊಗೆ ಬಂದು, "ಶೀನ, ನಾಕ್ ಪದ್ಯ ಹೇಳ್ತೆ, ಹಿಡ್ದ್ ಇಡ್. ನಾನೇ ಕೂಕಂಡ್ ಕೇಣ್ತೆ. ಸ್ವರ ಇದ್ರೆ ಈ ಸಲ ಮೇಳದ ತಿರ್ಗಾಟಕ್ಕೆ ಹೋಪುದ್. ಇಲ್ದಿದ್ರೆ ತಾಳ ಕೆಳ್ಗ್ ಇಡೂದ್" ಎಂದರು. ಎಪ್ಪತ್ತೊಂದು ವರ್ಷದ ಮನುಷ್ಯ ಪರೀಕ್ಷೆಗೆ ಕುಳಿತ ಮಕ್ಕಳ ಹಾಗೆ ಬೆವರುತ್ತಿದ್ದರು. ಚಂಡೆ, ಮದ್ದಳೆ ಕೂರಿಸಿಕೊಂಡು ನಾಲ್ಕು ಪದ್ಯ ಹಾಡಿದರು. ಹಾಡುವಾಗ ತಮಗೆ ತಮ್ಮ ಸ್ವರ ಸರಿಯಾಗಿ ಗೊತ್ತಾಗುವುದಿಲ್ಲ ಎಂದು ಹೇಳಿ, ನಾನು ಎಲ್ಲವನ್ನೂ ಹದ ಮಾಡಿ ಇಟ್ಟ ಮೇಲೆ ಬಂದು ಕೇಳುವುದೆಂದು ಹೋದರು. ನನ್ನ ಕಿವಿಗೆ ಸ್ವರ ಚೆನ್ನಾಗಿಯೇ ಇತ್ತು. ಸ್ವಲ್ಪ ಒರಟಾಗಿತ್ತು, ಆದರೆ ಆ ಒರಟಿನಲ್ಲೂ ಒಂದು ರುಚಿ ಇತ್ತು.

ಅವರು ಕೇಳಲು ಬರಬೇಕಾದ ದಿನವೇ ಬೆಳಿಗ್ಗೆ ಹೊಳ್ಳರ ಹೆಂಡತಿಯ ತಮ್ಮ ಮುಂಬೈಯಿಂದ ಬಂದಿಳಿದರು. ಹೊಳ್ಳರು ಅವರನ್ನು ಭಾವ ಎನ್ನುತ್ತಿದ್ದರು, ನಾವೆಲ್ಲ ಮುಂಬೈ ಭಾವ ಎನ್ನುತ್ತಿದ್ದೆವು. ಸಂಗೀತ ಕೇಳುವುದಕ್ಕಿಂತ ಸಂಗೀತ ಕೇಳುವ ಸಾಮಾನು ಕೊಳ್ಳುವುದರಲ್ಲಿ ಅವರಿಗೆ ಆಸೆ ಹೆಚ್ಚು. ಬ್ಯಾಗು ತೆರೆದು ಮಖಮಲ್ಲಿನ ಮೂರು ಪೆಟ್ಟಿಗೆ ಹೊರಗಿಟ್ಟರು. ಒಂದರಲ್ಲಿ ತಾಮ್ರದ ಕೇಬಲ್ಲು, ಒಂದರಲ್ಲಿ ಬೆಳ್ಳಿ ಲೇಪದ್ದು, ಇನ್ನೊಂದರಲ್ಲಿ ಅಚ್ಚ ಬೆಳ್ಳಿ, ಹುಡುಗಿಯ ಜಡೆಯ ಹಾಗೆ ಹೆಣೆದದ್ದು. ನಮ್ಮ ಹೆಡ್‌ಫೋನು ಬಾಲ ಬಿಚ್ಚಿ ಬದಲಿಸಬಹುದಾದದ್ದು. ಅದಕ್ಕೆ ಇದ್ದದ್ದು ನಾನೇ ಮೈಕಿನ ಕಪ್ಪು ವಯರಿನಿಂದ ಮಾಡಿದ ಬಾಲ.

ಭಾವನವರು ಅದನ್ನು ಎರಡು ಬೆರಳಲ್ಲಿ ಹಿಡಿದು ಎತ್ತಿದರು. "ಅರೇ ಬಾಪ್ ರೇ! ಇದ್ರಲ್ಲಿ ಭಾಗವತಿಕೆ ಕೇಣ್ತ್ರಿಯಾ? ಇದ್ ದನ ಕಟ್ಟೂ ಹಗ್ಗ ಅಲ್ಲವಾ?"

ಹೊಳ್ಳರು ಕುತೂಹಲದಿಂದ ಮುಂದೆ ಬಂದು ಕುಳಿತರು. ಹೋಲಿಸಿ ನೋಡುವುದು ಎಂದಾಯಿತು. ಭಾವನವರು ಬೆನ್ನು ತಿರುಗಿಸಿ, ಕಣ್ಣು ಮುಚ್ಚಿ, ಹೆಡ್‌ಫೋನು ಧರಿಸಿ ಕುಳಿತುಕೊಳ್ಳುವುದು. ನಾನು ಹಿಂದಿನಿಂದ ಬಾಲ ಬದಲಿಸಿ ಭಾಗವತರ ಹೊಸ ಪದ್ಯ ಹಾಕುವುದು. ಮೊದಲು ನನ್ನ ಕಪ್ಪು ವಯರು. "ಹೋ, ಮೋಡ ಕವಿದ ಹಾಂಗಿತ್ತ್" ಎಂದರು. ಆಮೇಲೆ ತಾಮ್ರದ್ದು. "ಈಗ ಬಿಸ್ಲ್ ಬಂತ್!" ಎಂದರು. ಮೂರನೆಯದಕ್ಕೆ ನನಗೊಂದು ಕಿಡಿಗೇಡಿ ಬುದ್ಧಿ ಬಂತು. ತಾಮ್ರದ್ದನ್ನು ಕಳಚಿ, ಟಕ್ ಎಂದು ಸದ್ದು ಮಾಡಿ, ಅದನ್ನೇ ಮತ್ತೆ ಸಿಕ್ಕಿಸಿದೆ. ಭಾವನವರು ಕುರ್ಚಿಯಲ್ಲಿ ಇನ್ನೂ ಒರಗಿ, "ಕ್ಯಾ ಬಾತ್ ಹೈ! ಇದ್ ಲೇಪದ್ದೇ. ಮದ್ದಳಿ ಮೇಲೆ ಬೆರಳ್ ಕಾಂತಿತ್ತ್ ನಂಗೆ" ಎಂದರು. ಮತ್ತೆ ಕಳಚಿ ನನ್ನ ದನ ಕಟ್ಟುವ ಹಗ್ಗವನ್ನೇ ಹಾಕಿದೆ. "ಇದ್ ಮತ್ತೆ ತಾಮ್ರದ್ದೇ, ಸ್ವಲ್ಪ ತಂಪ್. ಆದ್ರೂ ಘನತೆ ಇತ್ತ್" ಎಂದರು.

ನಗು ತಡೆಯಲು ನಾನು ಕೆಮ್ಮಿದೆ. ಹೊಳ್ಳರಿಗೆ ನನ್ನ ಕೆಮ್ಮಿನ ಅರ್ಥ ಗೊತ್ತು, ನನ್ನತ್ತ ಕಣ್ಣು ಬಿಟ್ಟರು. ಧಣಿಯ ಭಾವನ ಮಾನ ಕಳೆಯುವ ಹಾಗಿಲ್ಲ, ಬೆಳ್ಳಿಯದ್ದೂ ಆಗಲಿ, ಆಮೇಲೆ ಮೆಲ್ಲ ಹೇಳೋಣ ಎಂದುಕೊಂಡೆ.

ಬೆಳ್ಳಿಯ ಕೇಬಲ್ಲಿಗೆ ಒಂದು ತೊಡಕಿತ್ತು. ಅದರ ತುದಿಯ ಪಿನ್ನು ಅವರ ಮುಂಬೈಯ ಯಂತ್ರಕ್ಕೆ ಹೊಂದುವಂಥದ್ದು, ನಮ್ಮದಕ್ಕೆ ಹೋಗಲಿಲ್ಲ. "ಕತ್ತರ್ಸಿ ಬೇರೆ ಪಿನ್ ಹಾಕ್ತೆ" ಎಂದೆ. ಕತ್ತರಿ ಎಂಬ ಶಬ್ದ ಕೇಳಿಯೇ ಭಾವನವರ ಮುಖ ಬಿಳಿಚಿತು. ಹೊಳ್ಳರು, "ಶೀನನ ಬೆಸುಗೆ ಅಂದ್ರೆ ಜನ್ಮಕ್ಕ್ ಬಿಡೂದಿಲ್ಲ" ಎಂದು ಭರವಸೆ ಕೊಟ್ಟ ಮೇಲೆ ಒಪ್ಪಿದರು. ಒಳಗೆ ನಾಲ್ಕು ಎಳೆ: ಎಡಗಿವಿಗೆ ಒಂದು, ಬಲಗಿವಿಗೆ ಒಂದು, ಉಳಿದ ಎರಡನ್ನು ಹೊಸೆದು ಅರ್ತಿಗೆ, ಅಂದರೆ ಎರಡು ಕಿವಿಗೂ ಒಂದೇ ಆದ ಮರಳುವ ದಾರಿಗೆ, ಹಾಕಬೇಕು. ಬೆಸುಗೆ ಹಾಕುವಾಗ ಭಾವನವರು ನನ್ನ ಹೆಗಲ ಮೇಲೆ ಗಲ್ಲ ಊರಿ ನಿಂತಿದ್ದರು. "ಸುಡ್ಬೇಡಿ! ಬೆಳ್ಳಿ ಸುಟ್ರೆ ಸ್ವರ ಕರಕಲಾತ್ತ್! ಸಾಕ್, ಸಾಕ್, ತೆಗೀರಿ!" ಅವರ ಉಸಿರು ನನ್ನ ಕಿವಿಯಲ್ಲಿ. ಕೊನೆಯ ಬೆಸುಗೆಗೆ ಇನ್ನೂ ಎರಡು ಕ್ಷಣ ಬಿಸಿ ಬೇಕಿತ್ತು. ಕಿರಿಕಿರಿಗೆ ಬೆಸುಗೆಯ ಕಾದ ಕಡ್ಡಿ ಎತ್ತಿಬಿಟ್ಟೆ.

ಸಿಕ್ಕಿಸಿ ಕೇಳಿದಾಗ ನಿಜಕ್ಕೂ ವ್ಯತ್ಯಾಸವಿತ್ತು! ಚಂಡೆ ಆ ಕಡೆ ಗದ್ದೆಯಾಚೆ, ಮದ್ದಳೆ ಈ ಕಡೆ ತೋಟದಾಚೆ. ಭಾಗವತರು ಮಾತ್ರ ಎಲ್ಲೋ ಹಿಂದೆ, ಬಾವಿಯ ಒಳಗಿನಿಂದ ಹಾಡುತ್ತಿದ್ದ ಹಾಗೆ. ಭಾವನವರಿಗೆ ಕಣ್ಣಲ್ಲಿ ನೀರೇ ಬಂತು. "ಎಷ್ಟ್ ಬಿಡುವು! ಎಷ್ಟ್ ಗಾಳಿ! ಹಳೇದ್ರಲ್ಲಿ ಭಾಗವತ್ರ್ ನಮ್ಮ್ ಮೂಗಿನ್ ತುದಿಗ್ ಬಂದ್ ಕೂಕಂಡಿದ್ರ್. ಈಗ ಅವ್ರ್ ಜಾಗ್ದಲ್ ಅವ್ರ್ ಇದ್ರ್!" ಹೊಳ್ಳರು ಕೇಳಿ, "ಹೌದ್ ಮಾರಾಯಾ, ಭಾರೀ ಅಗಲ ಆಯ್ತ್" ಎಂದರು. ಇಬ್ಬರೂ ನನ್ನ ಮುಖ ನೋಡಿದರು.

ಅರ್ತ್ ಹೋದರೆ ಹೀಗಾಗುತ್ತದೆ ಎಂದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಎಷ್ಟೋ ಜನರ ಹೆಡ್‌ಫೋನಿನಲ್ಲಿ ಕೇಳಿದ ತಕ್ಷಣ ಹಿಡಿದಿದ್ದೇನೆ. ಆದರೆ ಅವೆಲ್ಲ ಬೇರೆಯವರ ಬೆಸುಗೆ. ಇದು ನನ್ನದು. ನನ್ನ ಬೆಸುಗೆ ತಪ್ಪುವುದು ಎಂದರೇನು? ಅದರ ಮೇಲೆ, ಬೆಳಿಗ್ಗೆಯಿಂದ ಭಾವನವರನ್ನು ಗೇಲಿ ಮಾಡಿದ ನನಗೆ, ಅಯ್ಯೋ, ಇವರು ಹೇಳುವುದು ಸತ್ಯವೇ ಇರಬಹುದೇ ಎಂಬ ಅನುಮಾನ ಹತ್ತಿತು. "ಹೌದ್, ಬಿಡುವು ಇತ್ತ್" ಎಂದುಬಿಟ್ಟೆ.

ಅಷ್ಟರಲ್ಲಿ ಬಾಗಿಲಲ್ಲಿ ಭಾಗವತರು. ಇಸ್ತ್ರಿ ಮಾಡಿದ ಅಂಗಿ, ಹಣೆಯಲ್ಲಿ ಗಂಧ. ದೇವಸ್ಥಾನಕ್ಕೆ ಹೋಗಿ ನೇರವಾಗಿ ಬಂದಿದ್ದರು. "ಒಳ್ಳೇ ಹೊತ್ತಿಗ್ ಬಂದ್ರಿ, ಒಳ್ಳೇ ವಯರಲ್ಲೇ ಕೇಣಿ" ಎಂದು ಭಾವನವರು ತಾವೇ ಅವರ ಕಿವಿಗೆ ಹೆಡ್‌ಫೋನು ಇಟ್ಟರು.

ಭಾಗವತರು ಒಂದು ಪದ್ಯ ಪೂರ್ತಿ ಕೇಳಿದರು. ಎರಡನೆಯದು ಅರ್ಧ. ಮುಖದಲ್ಲಿ ಏನೂ ಕಾಣಲಿಲ್ಲ. ಹೆಡ್‌ಫೋನನ್ನು ಮೆಲ್ಲನೆ ತೆಗೆದು ಮೇಜಿನ ಮೇಲೆ ಇಟ್ಟರು.

"ಚಂಡಿ, ಮದ್ದಳಿ ಒಳ್ಳೇದ್ ಬಂದಿತ್ತ್" ಎಂದರು. "ನಂದ್ ಮುಗೀತ್ ಶೀನ. ಅಳ್ಸಿಬಿಡ್ ಅದನ್ನ್."

ಹೊಳ್ಳರು ಏನೋ ಹೇಳಹೋದರು. ಭಾವನವರು ತಗ್ಗಿದ ದನಿಯಲ್ಲಿ, "ಒಳ್ಳೇ ವಯರ್ ಸುಳ್ಳ್ ಹೇಳೂದಿಲ್ಲ ಕಾಣಿ" ಎಂದರು. ಭಾಗವತರು ಹೌದೆನ್ನುವ ಹಾಗೆ ತಲೆಯಾಡಿಸಿ ಮೆಟ್ಟಿಲು ಇಳಿದು ಹೋದರು.

ನಾನು ಬಾಯಿ ಬಿಡಲಿಲ್ಲ. ಇದನ್ನು ಓದುವ ನೀವು ಉಳಿದದ್ದೆಲ್ಲ ಮರೆತರೂ ಇದೊಂದನ್ನು ಮರೆಯಬೇಡಿ. ಅವರು ಹಾಡಿದ ದಿನ ಆ ಸ್ವರವನ್ನು ಕೇಳಿದವನು ನಾನು. ಹಿಡಿದಿಟ್ಟವನೂ ನಾನೇ. ಏನೋ ಸರಿಯಿಲ್ಲ ಎಂದು ನನ್ನ ಕಿವಿ ಕೂಗುತ್ತಿತ್ತು. ಆದರೆ ಈಗಷ್ಟೇ 'ಬಿಡುವು' ಎಂದ ನಾಲಗೆಯನ್ನು ತಿರುಗಿಸಲು ನಾಚಿಕೆಯಾಯಿತು. ಆ ನಾಚಿಕೆಗೆ ಒಬ್ಬರ ಹಾಡನ್ನು ಬಲಿ ಕೊಟ್ಟು ನಿಂತಿದ್ದೆ. ನೆನೆದರೆ ಇಂದಿಗೂ ಮೈ ಉರಿಯುತ್ತದೆ.

ಹೊಳ್ಳರು, ಭಾವನವರು ಊಟಕ್ಕೆ ಹೋದ ಕೂಡಲೇ ಕಪ್ಪು ವಯರು ಹಾಕಿ ಕೇಳಿದೆ. ಭಾಗವತರು ಇದ್ದರು, ಮುಂದೆಯೇ ಇದ್ದರು. ಬೆಳ್ಳಿ ಹಾಕಿದರೆ ಮತ್ತೆ ಬಾವಿಗೆ. ಎರಡರಲ್ಲಿ ಯಾವುದು ಸುಳ್ಳು? ತಲೆ ಕೆಟ್ಟು, ನಾಲ್ಕೂ ಪದ್ಯಗಳನ್ನು ನನ್ನ ಹಳೆಯ ಮೊಬೈಲಿಗೆ ಹಾಕಿಕೊಂಡು, ಹೆಡ್‌ಫೋನು, ಎರಡೂ ಬಾಲ ಚೀಲಕ್ಕೆ ತುಂಬಿಕೊಂಡು ಮನೆಗೆ ಬಂದೆ. ಈಗಿನ ಹೊಸ ಮೊಬೈಲುಗಳಲ್ಲಿ ಹೆಡ್‌ಫೋನು ಸಿಕ್ಕಿಸುವ ತೂತೇ ಇಲ್ಲ. ಹಳೆಯದನ್ನು ಎಸೆಯದೆ ಇಟ್ಟುಕೊಂಡಿದ್ದಕ್ಕೆ ಗಿರಿಜಾಳಿಂದ ಬೈಸಿಕೊಂಡದ್ದು ಅಂದು ಸಾರ್ಥಕವಾಯಿತು.

ಗಿರಿಜಾ ಪೇಟೆಯಿಂದ ಬಂದು ಬುಟ್ಟಿ ತೊಳೆಯುತ್ತಿದ್ದಳು. ನಡೆದದ್ದೇನೂ ಹೇಳದೆ ಬೆಳ್ಳಿಯ ಬಾಲ ಹಾಕಿ ಅವಳ ಕಿವಿಗೆ ಇಟ್ಟೆ.

"ಕಾಣ್, ಅನಂತಯ್ಯ ಭಾಗವತ್ರ್ ಹೊಸ್ತಾಯಿ ಹಾಡಿದ್ದ್."

ಒಂದು ನಿಮಿಷ ಕೇಳಿದಳು. "ಭಾಗವತ್ರ್ ಎಲ್ಲಿಗ್ ಹೋಯಿರ್?"

"ಎಲ್ಲಿಗ್ ಅಂದ್ರೆ?"

"ಚಂಡಿ ಇತ್ತ್, ಮದ್ದಳಿ ಇತ್ತ್. ಅವ್ರ್ ಇಲ್ಲೆ. ಚಾ ಕುಡೂಕೆ ಹೋಯಿರಾ?"

"ಅವ್ರ್ ಸ್ವರ ಹೋಯ್ತ್ ಅಂಬ್ರ್ ಮಾರಾಯ್ತಿ."

"ಸ್ವರ ಹೋದ್ರೆ ಒಡ್ದ್ ಕೇಣತ್ತ್, ಹರ್ದ್ ಕೇಣತ್ತ್. ಮನ್ಷ ಅಲ್ಲಿಂದ ಎದ್ದ್ ಹೋತ್ನಾ? ನಿಮ್ಮ್ ಸಾಮಾನೇ ಹಾಳಾಯ್ತ್ ಕಾಣಿ."

ಹೀಗೆಂದವಳು ಸುಮ್ಮನಿರಲಿಲ್ಲ. ಮೀನು ತಾಜಾ ಹೌದೋ ಅಲ್ಲವೋ ಎಂದು ಕಿವಿರು ಎತ್ತಿ ನೋಡುವುದು ಅವಳ ಬೆರಳಿಗೆ ಅಂಟಿದ ಅಭ್ಯಾಸ. ಮೊಬೈಲಿಗೆ ಸಿಕ್ಕಿಸಿದ್ದ ಪಿನ್ನಿನ ಬುಡದಲ್ಲಿ ಹೆಬ್ಬೆರಳಿಟ್ಟು, ಬೆಳ್ಳಿ ಜಡೆಯನ್ನು ಹಾಗೆಯೇ ಮೇಲಕ್ಕೆ ಎತ್ತಿದಳು. ಎತ್ತಿದ್ದೇ ತಡ, ಕಣ್ಣು ಅರಳಿತು.

"ಈಗ ಬಂದ್ರ್!"

ಬೆರಳು ಬಿಟ್ಟಳು. "ಹೋದ್ರ್." ಎತ್ತಿದಳು. "ಬಂದ್ರ್!"

ಪಿನ್ನಿನ ಟೊಪ್ಪಿ ಬಿಚ್ಚಿ ನೋಡಿದೆ. ಅರ್ತಿನ ಬೆಸುಗೆ ಬೂದು ಬಣ್ಣಕ್ಕೆ ತಿರುಗಿ, ಹಿಡಿಯದೆ ಸುಮ್ಮನೆ ಮೇಲೆ ಕುಳಿತಿತ್ತು. ಹೊಸಬರಿಗೆ ಇದೊಂದು ಪಾಠವಾಗಲಿ. ಹಾಡುವವರ ಸ್ವರವನ್ನು ನಾವು ನಡುವೆ ಇಡುತ್ತೇವೆ, ಎರಡು ಕಿವಿಗೂ ಸಮ. ಅರ್ತ್ ಬಿಟ್ಟುಹೋದರೆ ಎರಡು ಕಿವಿಗೂ ಸಮವಾದದ್ದು ಒಂದನ್ನೊಂದು ಹೊಡೆದು ಹಾಕುತ್ತದೆ. ತಕ್ಕಡಿಯ ಎರಡು ತಟ್ಟೆಗೂ ಒಂದೇ ತೂಕ ಇಟ್ಟರೆ ಮುಳ್ಳು ಅಲ್ಲಾಡುವುದಿಲ್ಲವಲ್ಲ, ಹಾಗೆ. ಎಡಬಲಗಳಲ್ಲಿ ಬೇರೆ ಬೇರೆಯಾಗಿರುವ ಚಂಡೆ ಮದ್ದಳೆ ಮಾತ್ರ ಉಳಿಯುತ್ತವೆ. ಗಿರಿಜಾಳಿಗೆ ಇದು ಒಂದೇ ಸಲಕ್ಕೆ ಅರ್ಥವಾಯಿತು. ಭಾವನವರಿಗೆ ಇನ್ನೂ ಆಗಿಲ್ಲ.

ಹೊಳ್ಳರಿಗೆ ಫೋನು ಮಾಡಿದೆ. "ಹೊಳ್ರೆ, ಅರ್ತ್ ಹೋಯಿತ್ತ್!"

ಅವರು, "ಶೀನ, ಆ ಹಳೇ ಪುರಾಣ ಈಗ ಎಂತಕ್ಕ್ ತೆಗೀತೆ?" ಎಂದರು.

"ನಿಮ್ದಲ್ಲ ಮಾರ್ರೆ, ಬೆಳ್ಳಿ ವಯರಿಂದ್! ಬೆಸುಗೆ ಹಿಡಿಲಿಲ್ಲ. ತಪ್ಪ್ ನಂದ್."

"ಹಾಂಗಾರೆ ಭಾವ ಬೆಳಿಗ್ಗಿಂದ ಕಣ್ಣೀರ್ ಹಾಕಿದ್ದ್ ಎಂತಕ್ಕ್?"

"ವಯರ್ ತುಂಡಾದ್ದಕ್ಕೆ."

ಹೊಳ್ಳರು ನಕ್ಕ ನಗೆಗೆ ಫೋನನ್ನು ಕಿವಿಯಿಂದ ದೂರ ಹಿಡಿಯಬೇಕಾಯಿತು. ಹಿಂದಿನಿಂದ ಭಾವನವರ ಸ್ವರ ಕೇಳಿಸಿತು: "ಆದ್ರೂ ಬೆಳ್ಳಿ ಬೆಳ್ಳಿಯೇ!" ಆಮೇಲೆ ಹೊಳ್ಳರ ನಗು ತಟ್ಟನೆ ನಿಂತಿತು. "ಶೀನ... ಭಾಗವತ್ರ್?"

"ನಾನೇ ಹೋತೆ" ಎಂದೆ.

ಊಟ ಮಾಡದೆ ಸ್ಕೂಟರು ಹತ್ತಿದೆ. ನನ್ನ ಬೆಸುಗೆಯ ಮೇಲೆ ನನಗೇ ನಂಬಿಕೆ ಹೋಗಿದ್ದರಿಂದ ಹೆಡ್‌ಫೋನಿಗೆ ಹಳೆಯ ಕಪ್ಪು ವಯರನ್ನೇ ಹಾಕಿಕೊಂಡಿದ್ದೆ. ಗುಲ್ವಾಡಿಗೆ ಮುಟ್ಟುವಾಗ ಭಾಗವತರು ಜಗಲಿಯಲ್ಲಿ ಕುಳಿತು ತಮ್ಮ ತಾಳದ ಜೋಡಿಯನ್ನು ಹಳೆಯ ಪಂಚೆಯಲ್ಲಿ ಸುತ್ತುತ್ತಿದ್ದರು. ದೇವಸ್ಥಾನಕ್ಕೆ ಕೊಟ್ಟುಬಿಡುವುದಂತೆ.

"ಬಾ ಶೀನ. ಸಮಾಧಾನ ಹೇಳುಕೆ ಬಂದ್ಯಾ? ಬ್ಯಾಡ ಮಾರಾಯಾ."

"ಸಮಾಧಾನ ಅಲ್ಲ ಭಾಗವತ್ರೆ. ತಪ್ಪ್ ಒಪ್ಕಂಬುಕೆ ಬಂದದ್ದ್. ನಿಮ್ಮ್ ಸ್ವರ ಹೋಯಿಲ್ಲೆ. ನನ್ನ್ ಬೆಸುಗೆ ಹೋದದ್ದ್."

"ನಿನ್ನ್ ಬೆಸುಗೆ ಬಿಡೂದಿಲ್ಲ ಅಂದ್ ಊರಿಡೀ ಡಂಗುರ ಹೊಡ್ದವ ನೀನೇ ಅಲ್ದಾ? ಈಗ ನನ್ನ್ ಮನ್ಸ್ ನೋಯೂಕಾಗ ಅಂದ್ ಸುಳ್ಳ್ ಹೇಳ್ತೆ."

ಸತ್ಯ ಹೇಳಿದರೂ ನಂಬದ ಹಾಗೆ ಮಾಡಿಕೊಂಡಿದ್ದೆ ನೋಡಿ! ಹೆಡ್‌ಫೋನು ಚಾಚಿದರೆ ಮುಖ ತಿರುಗಿಸಿದರು. ನನಗೆ ದುಃಖವೂ ಸಿಟ್ಟೂ ಒಟ್ಟಿಗೇ ಬಂತು. "ಭಾಗವತ್ರೆ, ಬೆಳಿಗ್ಗೆ ನಂಗ್ ಗೊತ್ತಿತ್ತ್, ಎಂತದೋ ಸಮ ಇಲ್ಲೆ ಅಂದ್. ಮರ್ಯಾದಿಗ್ ಹೆದ್ರಿ ಬಾಯಿ ಮುಚ್ಕಂಡಿದ್ದೆ. ನೀವ್ ಮೆಟ್ಟ್ಲ್ ಇಳ್ದ್ ಹೋಪತ್ತಿಗೂ ಮುಚ್ಕಂಡಿದ್ದೆ. ಇದ್ ಸುಳ್ಳಾದ್ರೆ ಯಾರಾದ್ರೂ ಹೀಂಗಿದ್ದ್ ಸುಳ್ಳ್ ಹೇಳ್ತ್ರಾ?" ಎಂದೆ.

ಅವರು ತಾಳದ ಗಂಟನ್ನು ಬದಿಗಿಟ್ಟರು. ಆಮೇಲೆ ಹೆಡ್‌ಫೋನಿಗೆ ಕೈ ಚಾಚಿದರು.

ಮೊದಲ ಪದ್ಯ ಶುರುವಾಯಿತು. ಅವರು ಕಣ್ಣು ಮುಚ್ಚಿದರು. ಸ್ವಲ್ಪ ಹೊತ್ತಿಗೆ ಬಲಗೈ ತಾನಾಗಿಯೇ ತೊಡೆಯ ಮೇಲೆ ತಾಳ ಹಾಕತೊಡಗಿತು. ಮುಚ್ಚಿದ ಕಣ್ಣಿನಿಂದ ನೀರು ಇಳಿದು ಗಲ್ಲದ ಕುಳಿಯಲ್ಲಿ ನಿಂತಿತು, ಒರೆಸಿಕೊಳ್ಳಲಿಲ್ಲ. ಎರಡನೆಯ ಪದ್ಯಕ್ಕೆ ತಲೆಯೂ ಆಡಿತು. ಮೂರನೆಯ ಪದ್ಯದ ನಡುವೆ ತಾಳದ ಕೈ ಸರಕ್ಕನೆ ನಿಂತಿತು. ಹುಬ್ಬು ಗಂಟಾಯಿತು.

"ನಿಲ್ಸ್! ಹಿಂದ್ ಹೋಗ್. ಇನ್ನೊಂಚೂರ್ ಹಿಂದೆ. ಹಾಂ, ಇಲ್ಲಿ!" ಮತ್ತೊಮ್ಮೆ ಕೇಳಿ ಹೆಡ್‌ಫೋನು ಕಿತ್ತು ಕೆಳಗಿಟ್ಟರು. "ಶ್ರುತಿ ಜಾರಿದ್ದ್ ಕೇಣ್ಲಿಲ್ಯಾ ನಿಂಗೆ? ಮೂರ್ನೇ ಪದ್ಯ, ಸ್ವರ ಮೇಲ್ ಎತ್ತೂ ಜಾಗ್ದಲ್ಲೇ! ಇದನ್ನ್ ಹೀಂಗೇ ಊರಿಗೆಲ್ಲ ಕೇಣ್ಸುಕೆ ಇದ್ದ್ಯಾ? ಕಿವಿ ಇತ್ತಾ, ಗೇರ್‌ಬೀಜ ಸಿಕ್ಸಿಟ್ಕಂಡಿದ್ಯಾ?"

ನಾನು ಹಲ್ಲು ಬಿಟ್ಟುಕೊಂಡು ನಿಂತಿದ್ದೆ.

"ಎಂತ ಹಲ್ ಕಿಸಿತೆ? ನಾಳೆ ಹತ್ತ್ ಗಂಟಿಗ್ ಬತ್ತೆ. ನಾಕೂ ಮತ್ತೆ ಹೇಳೂದ್. ಅದ್ ಹ್ಯಾಂಗ್ ಹೋಯ್ಕ್ ಗೊತ್ತಿತ್ತಾ? ಕೂಕೋ, ಇಲ್ಲ್ ಕೇಣ್."

ಜಗಲಿಯ ಕಂಬಕ್ಕೆ ಬೆನ್ನು ಕೊಟ್ಟು, ಒಮ್ಮೆ ಗಂಟಲು ಸರಿಪಡಿಸಿಕೊಂಡು, ಆ ಪದ್ಯವನ್ನು ಎತ್ತಿದರು. ತಾಳ ಇಲ್ಲ, ಚಂಡೆ ಇಲ್ಲ, ಬರೀ ಅವರ ಸ್ವರ. ಜಾರಿದ್ದ ಜಾಗದಲ್ಲಿ ಈ ಸಲ ಜಾರಲಿಲ್ಲ. ಅಲ್ಲಿ ಒಂದು ಕ್ಷಣ ನಿಂತು, ನನ್ನತ್ತ ಬೆರಳು ತೋರಿಸಿ, ಮೇಲಕ್ಕೆ ಹೋದರು. ಎರಡು ವರ್ಷ ಒಳಗೆ ಕಟ್ಟಿಟ್ಟಿದ್ದದ್ದೆಲ್ಲ ಹೊರಗೆ ಬಂತು. ಹಿತ್ತಲಿನಿಂದ ಅವರ ಹೆಂಡತಿ ಒದ್ದೆ ಕೈಯಲ್ಲೇ ಓಡಿ ಬಂದು ಬಾಗಿಲ ಹತ್ತಿರ ನಿಂತರು. ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದರು.

ಪದ್ಯ ಮುಗಿದು ಎಷ್ಟೋ ಹೊತ್ತಾದ ಮೇಲೆ ನನ್ನ ಕೈಯತ್ತ ನೋಡಿಕೊಂಡೆ. ಮೊಬೈಲು ಕೈಯಲ್ಲೇ ಇತ್ತು. ಒಂದು ಗುಂಡಿ ಒತ್ತಿದ್ದರೆ ಸಾಕಿತ್ತು. ಇಷ್ಟು ವರ್ಷ ಇದೇ ಕೆಲಸ ಮಾಡಿದವನು, ಅವರು ಜೀವಮಾನದಲ್ಲೇ ಎಲ್ಲಕ್ಕಿಂತ ಚೆನ್ನಾಗಿ ಹಾಡಿದ ಪದ್ಯವನ್ನು ಹಿಡಿದಿಡಲು ಮರೆತೇಬಿಟ್ಟಿದ್ದೆ.